ಆರು ಗೂಡು, ಒಂದು ನಳಿಗೆ

(ತುಮಕೂರಿನಲ್ಲಿ ಯಂತ್ರಕೆಲಸ ಕಲಿಯುತ್ತಿರುವ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲೆ ಒಂದು ಹಿತ್ತಾಳೆಯ ಬಿಲ್ಲೆ ಇಟ್ಟಿದ್ದೇನೆ. ನಡುವೆ ಒಂದು ತೂತು, ಅದರ ಸುತ್ತ ಆರು ತೂತು. ಕಳೆದ ವಾರ ನಾನೇ ಮಾಡಿದ್ದು. ಇಂದಿನ ಮಾತು ರಿವಾಲ್ವರಿನ ಸಿಲಿಂಡರ್, ಅಂದರೆ ಗುಂಡುಗಳನ್ನು ತುಂಬುವ, ತಿರುಗುವ ಉರುಳೆಯ ಬಗ್ಗೆ, ಅದರಲ್ಲೂ ತಯಾರಿಕೆಯಲ್ಲೇ ಕೆಟ್ಟು ಬಂದ ಸಿಲಿಂಡರ್ ಬಗ್ಗೆ. ಆದರೂ ನಿಜವಾದ ಸಿಲಿಂಡರನ್ನು ಇಲ್ಲಿಗೆ ತಂದಿಲ್ಲ, ತರುವಂತೆಯೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿನಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಅದೇ ಕಾಯ್ದೆಯ ಐದನೇ ಕಲಮಿನ ಪ್ರಕಾರ ತಯಾರಿಕೆಗೆ ಮಾತ್ರವಲ್ಲ, ರಿಪೇರಿಗೂ ಪರೀಕ್ಷೆಗೂ ಪರವಾನಗಿ ಬೇಕು. ನನ್ನ ಬದುಕಿನ ಹೆಚ್ಚಿನ ಭಾಗ ಟೂಲ್ ರೂಮಿನಲ್ಲಿ ಕಳೆಯಿತು. ನಿವೃತ್ತಿಯ ನಂತರ ಕೆಲವು ವರ್ಷ, ಪರವಾನಗಿ ಹೊಂದಿದ್ದ ಒಬ್ಬ ಹಿರಿಯ ಬಂದೂಕು ರಿಪೇರಿಗಾರರ ಅಂಗಡಿಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ನಿಮ್ಮಲ್ಲಿ ಯಾರೂ ಮನೆಗೆ ಹೋಗಿ ತಾತನ ರಿವಾಲ್ವರಿಗೆ ಅರ ಹಾಕಬಾರದು. ಆದರೆ ಈ ಆರು ತೂತುಗಳಲ್ಲಿ ಅಡಗಿರುವ ಪಾಠ ನಾಳೆ ನೀವು ಮಾಡುವ ಗೇರ್‌ಬಾಕ್ಸಿಗೂ ಬೇಕು, ಪಂಪಿಗೂ ಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಸಿಗಲಿ ಎಂದು ಆಸೆಪಡುತ್ತಿರುವವರಿಗಂತೂ ಬೇಕೇ ಬೇಕು.

ಮೊದಲು ಸಿಲಿಂಡರ್ ಮಾಡುವ ಕೆಲಸ ಏನೆಂದು ನೋಡೋಣ. ಪಿಸ್ತೂಲಿನಲ್ಲಿ ಗುಂಡು ನಳಿಗೆಯ ಹಿಂಭಾಗದಲ್ಲೇ ಕೂರುತ್ತದೆ, ಅಂದರೆ ಗೂಡು ಮತ್ತು ನಳಿಗೆ ಒಂದೇ ತುಂಡು ಉಕ್ಕು. ರಿವಾಲ್ವರಿನಲ್ಲಿ ಹಾಗಲ್ಲ. ನಳಿಗೆ ಒಂದು, ಗೂಡು ಆರು. ತೋಟಾವನ್ನು ಸಿಡಿಸಲು ಬಡಿಯುವ ಸುತ್ತಿಗೆಯನ್ನು ಹಿಂದಕ್ಕೆ ಎಳೆದಾಗಲೆಲ್ಲ ಸಿಲಿಂಡರ್ 60 ಡಿಗ್ರಿ ತಿರುಗಿ, ಮುಂದಿನ ಗೂಡು ನಳಿಗೆಯ ನೇರಕ್ಕೆ ಬಂದು ನಿಲ್ಲಬೇಕು. ಸುತ್ತಿಗೆ ಎಳೆಯುವ ಚಲನೆಯಿಂದಲೇ ಸಿಲಿಂಡರನ್ನು ತಿರುಗಿಸಿ, ಅಲ್ಲೇ ಬಿಗಿಯಾಗಿ ಹಿಡಿಯುವ ಈ ಏರ್ಪಾಡಿಗೆ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಸುಮಾರು 190 ವರ್ಷಗಳಾದರೂ ಮೂಲ ಉಪಾಯ ಬದಲಾಗಿಲ್ಲ. ಒಂದು ಸಣ್ಣ ತಳ್ಳುಕಡ್ಡಿ ಸಿಲಿಂಡರಿನ ಬೆನ್ನಿನಲ್ಲಿರುವ ಹಲ್ಲನ್ನು ಮೇಲಕ್ಕೆ ದೂಡುತ್ತದೆ. ಇನ್ನೊಂದು ಸಣ್ಣ ತಡೆಬೆಣೆ ಕೆಳಗಿನಿಂದ ಎದ್ದು, ಸಿಲಿಂಡರಿನ ಮೈಮೇಲಿನ ಕಚ್ಚಿನೊಳಗೆ ಬಿದ್ದು ಅದನ್ನು ನಿಲ್ಲಿಸುತ್ತದೆ.

ನಮ್ಮ ತುಮಕೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದ ಊರು ಇದು. ಮನೆಯಲ್ಲಿ ಕೀ ಕೊಡುವ ಹಳೆಯ ಕೈಗಡಿಯಾರ ಇದ್ದರೆ ಕಿವಿಯ ಹತ್ತಿರ ಹಿಡಿದು ಕೀ ತಿರುಗಿಸಿ. ಕೇಳಿಸುವ ಕಿಟಿಕಿಟಿ ಸದ್ದು ಹಲ್ಲುಚಕ್ರದ ಮೇಲೆ ತಡೆ ಬೀಳುವ ಸದ್ದು. ರಿವಾಲ್ವರಿನದೂ ಅದೇ ಸದ್ದು, ಕೊಂಚ ದಪ್ಪ ದನಿ, ಅಷ್ಟೇ. ಆದರೆ ಗಡಿಯಾರದಲ್ಲಿ ಹಲ್ಲು ತಪ್ಪಿದರೆ ಸಮಯ ತಪ್ಪುತ್ತದೆ. ಇಲ್ಲಿ ಹಲ್ಲು ತಪ್ಪಿದರೆ ಸೀಸದ ಚೂರು ಪಕ್ಕದಲ್ಲಿ ನಿಂತವರ ಕೆನ್ನೆಗೆ ಬಡಿಯುತ್ತದೆ. ಒತ್ತಡದ ಲೆಕ್ಕವನ್ನೂ ಕೇಳಿ. ನಿಮ್ಮ ಕಾರಿನ ಟೈರಿನಲ್ಲಿ ಚದರ ಅಂಗುಲಕ್ಕೆ 32 ಪೌಂಡ್ ಗಾಳಿ ಇರುತ್ತದೆ. ಸೌಮ್ಯ ಎಂದು ಹೆಸರಾದ .32 ರಿವಾಲ್ವರ್ ತೋಟಾ ಸಿಡಿದಾಗ ಗೂಡಿನೊಳಗೆ ಚದರ ಅಂಗುಲಕ್ಕೆ 15,000 ಪೌಂಡ್‌ವರೆಗೂ ಒತ್ತಡ ಏರಬಹುದು. ಅದನ್ನು ತಡೆಯುವ ಗೋಡೆ ಎರಡು ಮೂರು ಮಿಲಿಮೀಟರ್ ದಪ್ಪದ ಉಕ್ಕು. ಆರು ಗೂಡಿನ ಸಿಲಿಂಡರಿನಲ್ಲಿ ತಡೆಬೆಣೆಯ ಕಚ್ಚು ಸಾಮಾನ್ಯವಾಗಿ ಗೂಡಿನ ನೆತ್ತಿಯ ಮೇಲೆಯೇ ಬರುವುದರಿಂದ ಅಲ್ಲಿ ಗೋಡೆ ಇನ್ನಷ್ಟು ತೆಳು. ಐದು ಗೂಡಿನದಾದರೆ ಕಚ್ಚು ಎರಡು ಗೂಡುಗಳ ನಡುವಿನ ದಪ್ಪ ಜಾಗಕ್ಕೆ ಬೀಳುತ್ತದೆ. ಹಾಗಾಗಿ ಆರು ಗೂಡಿನ ಸಿಲಿಂಡರಿನಲ್ಲಿ ಕಚ್ಚನ್ನು ಆಳ ಮಾಡಿ ಸರಿಪಡಿಸುತ್ತೇನೆ ಎನ್ನುವವನ ಕೈಗೆ ಉಪಕರಣ ಕೊಡಬಾರದು.

ಈಗ ನನ್ನ ಮೊದಲ ಸಿಲಿಂಡರಿನ ಕಥೆ. ಅಂಗಡಿ ಸೇರಿದ ಹೊಸತು. ರಿವಾಲ್ವರ್ ಯಾರು ಮಾಡಿದ್ದೆಂಬುದು ಇಲ್ಲಿ ಮುಖ್ಯವಲ್ಲ. ಗುಂಡು ಹಾರಿಸಿದಾಗ ಪಕ್ಕಕ್ಕೆ ಏನೋ ಸಿಡಿಯುತ್ತದೆ, ಗುರಿಯೂ ಚೆದುರುತ್ತದೆ ಎಂಬುದು ಮಾಲೀಕರ ದೂರು. ನಾನು ಗೂಡುಗಳನ್ನು ನೋಡಿದೆ. ಒಳಗೆಲ್ಲ ರೀಮರ್, ಅಂದರೆ ತೂತನ್ನು ಅಳತೆಗೆ ತರುವ ಉಪಕರಣ, ನಡುಗಿದ ಗುರುತು, ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ. ಕಣ್ಣಿಗೆ ಕಂಡ ತಪ್ಪು ಅದೊಂದೇ ಆದ್ದರಿಂದ ಎರಡು ದಿನ ಕುಳಿತು ಆರೂ ಗೂಡುಗಳನ್ನು ನಯಗೊಳಿಸಿದೆ. ಕನ್ನಡಿಯಂತೆ ಹೊಳೆಯಿತು. ಹಿರಿಯರು ಅದನ್ನು ಕೈಗೆ ತೆಗೆದುಕೊಂಡು, ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದೆಂದೂ ಹೇಳಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಉದ್ದನೆಯ ಉಕ್ಕಿನ ಕಡ್ಡಿಯೊಂದನ್ನು ತೆಗೆದು ನಳಿಗೆಯ ಬಾಯಿಯಿಂದ ಒಳಗೆ ಬಿಟ್ಟರು. ನಳಿಗೆಯೊಳಗೆ ಸಡಿಲವಿಲ್ಲದೆ ಜಾರುವಂತೆ ಸಾಣೆ ಹಿಡಿದ ಕಡ್ಡಿ ಅದು. ಗೂಡು ನಳಿಗೆಯ ನೇರಕ್ಕಿದ್ದರೆ ಕಡ್ಡಿ ಎಲ್ಲೂ ತಡೆಯದೆ ಗೂಡಿನೊಳಕ್ಕೆ ಇಳಿಯುತ್ತದೆ. ಒಂದನೆಯ ಗೂಡು, ಇಳಿಯಿತು. ಎರಡು, ಮೂರು, ನಾಲ್ಕು, ಐದು, ಎಲ್ಲದರಲ್ಲೂ ಇಳಿಯಿತು. ಆರನೆಯದರಲ್ಲಿ ಟಕ್ ಎಂದು ನಿಂತಿತು. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಅಳೆದು ನೋಡಿದರೆ ಆರನೆಯ ಗೂಡು ಹತ್ತಿರ ಹತ್ತಿರ 0.1 ಮಿಲಿಮೀಟರ್ ಪಕ್ಕಕ್ಕಿತ್ತು. ನನ್ನ ಎರಡು ದಿನದ ಕೆಲಸ ವ್ಯರ್ಥ. ಕೊರೆದ ತೂತನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ. ಕಚ್ಚಿನ ಒಂದು ಬದಿಯನ್ನು ಅರದಿಂದ ತೆಗೆದು ಸಿಲಿಂಡರನ್ನು ಕೊಂಚ ತಿರುಗಿಸಿ ನಿಲ್ಲಿಸಬಹುದಲ್ಲ ಎಂದು ನಿಮ್ಮಲ್ಲಿ ಯಾರಿಗಾದರೂ ಹೊಳೆದಿರಬಹುದು. ನನಗೂ ಹೊಳೆಯಿತು. ಆದರೆ ಕಚ್ಚು ಅಗಲವಾದರೆ ಅದರೊಳಗೆ ತಡೆಬೆಣೆ ಆಡುತ್ತದೆ. ಆಡಿದರೆ ಗೂಡು ಒಮ್ಮೆ ನೇರಕ್ಕೆ ನಿಲ್ಲುತ್ತದೆ, ಇನ್ನೊಮ್ಮೆ ನಿಲ್ಲುವುದಿಲ್ಲ. ಖಚಿತವಾದ ತಪ್ಪು ಹೋಗಿ ನಂಬಲಾಗದ ತಪ್ಪು ಬರುತ್ತದೆ. ಬೆಸುಗೆ ಹಾಕಿ ತುಂಬಿ ಮತ್ತೆ ಕೊರೆಯುವ ಮಾತನ್ನಂತೂ ಆಡಬೇಡಿ. ಸಿಲಿಂಡರ್ ಉಷ್ಣ ಸಂಸ್ಕಾರ ಪಡೆದ ಉಕ್ಕು. ಅದನ್ನು ಕೆಂಪಗೆ ಕಾಯಿಸಿದ ಕ್ಷಣವೇ ಆ 15,000 ಪೌಂಡ್ ತಡೆಯುವ ಶಕ್ತಿ ಹೋಯಿತು, ಹೊರಗಿನಿಂದ ನೋಡಿದರೆ ಮಾತ್ರ ಏನೂ ತಿಳಿಯುವುದಿಲ್ಲ. ಮಾಲೀಕರಿಗೆ ಹೊಸ ಸಿಲಿಂಡರ್ ಹಾಕಿಸಬೇಕೆಂದು ಹೇಳಿ, ಇದನ್ನು ಬಳಸಬಾರದೆಂದು ಬರೆದುಕೊಟ್ಟು ಕಳುಹಿಸಿದೆವು.

ಆ 0.1 ಮಿಲಿಮೀಟರ್ ಎಲ್ಲಿಂದ ಬಂತು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ನಿಮ್ಮ ಮಿಲ್ಲಿಂಗ್ ಪಾಠದಲ್ಲೇ ಇದೆ. ಡಿವೈಡಿಂಗ್ ಹೆಡ್ ಎಂದರೆ ಜಾಬನ್ನು, ಅಂದರೆ ಕಡಿಯುವ ತುಂಡನ್ನು, ಸಮಭಾಗಗಳಾಗಿ ತಿರುಗಿಸುವ ಸಾಧನ; ಅದರ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ತಿರುಗುತ್ತದೆ. ಆರು ಭಾಗ ಬೇಕಾದರೆ 40ನ್ನು 6ರಿಂದ ಭಾಗಿಸಿ: ಆರು ಪೂರ್ತಿ ಸುತ್ತು, ಜೊತೆಗೆ ಮೂರನೇ ಎರಡು ಸುತ್ತು. ಹಿಡಿಕೆಯ ಹಿಂದಿನ ಫಲಕದಲ್ಲಿ 18 ತೂತಿನ ಸಾಲನ್ನು ಹಿಡಿದರೆ ಆರು ಸುತ್ತು ಮತ್ತು 12 ತೂತು. ಈಗ ಎಣಿಸುವಾಗ ಏನಾಗುತ್ತದೆ ನೋಡಿ. ಹಿಡಿಕೆಯ ಪಿನ್ನು ಈಗಾಗಲೇ ಕುಳಿತಿರುವ ತೂತನ್ನು ಸೊನ್ನೆ ಎಂದುಕೊಳ್ಳಬೇಕು. ಹೊಸಬರು ಅದನ್ನೇ ಒಂದು ಎಂದು ಎಣಿಸಲು ಶುರುಮಾಡುತ್ತಾರೆ. ಹನ್ನೆರಡಕ್ಕೆ ನಿಲ್ಲಿಸಿದೆ ಎಂದುಕೊಂಡವನು ನಿಜವಾಗಿ ಹನ್ನೊಂದಕ್ಕೆ ನಿಲ್ಲಿಸಿರುತ್ತಾನೆ. ಹಿಡಿಕೆಯ ಒಂದು ಸುತ್ತಿಗೆ ಜಾಬ್ 9 ಡಿಗ್ರಿ ತಿರುಗುತ್ತದೆ. ಅದರ ಹದಿನೆಂಟನೇ ಒಂದು ಭಾಗವೆಂದರೆ ಸರಿಯಾಗಿ ಅರ್ಧ ಡಿಗ್ರಿ. ಗೂಡುಗಳ ನಡುಬಿಂದುಗಳು 12 ಮಿಲಿಮೀಟರ್ ತ್ರಿಜ್ಯದ ವೃತ್ತದ ಮೇಲಿದ್ದರೆ ಅರ್ಧ ಡಿಗ್ರಿಗೆ ಎಷ್ಟು ಸರಿಯುತ್ತದೆ? 0.105 ಮಿಲಿಮೀಟರ್.

ಕಡ್ಡಿ ಟಕ್ ಎಂದು ನಿಂತ ಆ ಗೂಡಿನ ತಪ್ಪು ಇದೇ ಆಸುಪಾಸಿನದು. ಆ ಸಿಲಿಂಡರ್ ಎಲ್ಲಿ, ಯಾವ ಯಂತ್ರದಲ್ಲಿ ತಯಾರಾಯಿತೋ ನಾನು ಕಂಡಿಲ್ಲ. ಆದರೂ ಆ ಲೆಕ್ಕ ಮುಗಿಸಿದ ರಾತ್ರಿ, ದಿನದ ಕೊನೆಯ ಜಾಬಿನ ಕೊನೆಯ ತೂತಿಗೆ ಬಂದು, ಪಕ್ಕದವನು ಏನೋ ಕೂಗಿದ್ದಕ್ಕೆ ತಲೆಯೆತ್ತಿ, ಎಣಿಕೆ ತಪ್ಪಿದ ಒಬ್ಬ ಕೆಲಸಗಾರ ನನ್ನ ಕಣ್ಣ ಮುಂದೆ ಬಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎಣಿಸುವ ಕಷ್ಟವನ್ನು ತಪ್ಪಿಸಲೆಂದೇ ಆ ಫಲಕದ ಮೇಲೆ ಎರಡು ಕೈಗಳ ಕತ್ತರಿ ಇದೆ. ಒಮ್ಮೆ ಸರಿಯಾಗಿ ಎಣಿಸಿ ಕತ್ತರಿಯನ್ನು ಬಿಗಿ ಮಾಡಿದರೆ ಮತ್ತೆ ಎಣಿಸಬೇಕಾಗಿಲ್ಲ. ಅದನ್ನು ಬಳಸಿ. ಅದನ್ನು ಬಳಸದೆ ಬಾಯಿಲೆಕ್ಕದಲ್ಲಿ ಎಣಿಸುವುದನ್ನು ಚುರುಕುತನ ಎಂದುಕೊಂಡ ಹುಡುಗರನ್ನು ನಾನು ಬಹಳ ನೋಡಿದ್ದೇನೆ.

ಇನ್ನೊಂದು ಮಾತು. ಗೂಡುಗಳು ಹೀಗೆ ತಪ್ಪಿದರೂ ಕಚ್ಚುಗಳನ್ನು ಅದೇ ಹಿಡಿತದಲ್ಲಿ, ಜಾಬ್ ಬಿಚ್ಚದೆ, ಒಂದೊಂದು ನಿಲುಗಡೆಯಲ್ಲೂ ಗೂಡಿನ ಜೊತೆಯಲ್ಲೇ ಕಡಿದಿದ್ದರೆ ಕಚ್ಚೂ ಅಷ್ಟೇ ತಪ್ಪುತ್ತಿತ್ತು. ಎರಡೂ ಒಟ್ಟಿಗೆ ತಪ್ಪಿದರೆ ಗೂಡು ನಳಿಗೆಯ ನೇರಕ್ಕೇ ಬಂದು ನಿಲ್ಲುತ್ತಿತ್ತು! ಬೇರೆ ದಿನ, ಬೇರೆ ಯಂತ್ರದಲ್ಲಿ, ಬೇರೆ ಹಿಡಿತದಲ್ಲಿ ಕಚ್ಚು ಕಡಿದಿದ್ದರಿಂದಲೇ ತಪ್ಪು ಬೆಳಕಿಗೆ ಬಂತು. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಿಲಿಂಡರಿನಲ್ಲಿ ತಪ್ಪು ಸಾಮಾನ್ಯವಾಗಿ ಒಂದು ತೂತಿನಲ್ಲಿ ಇರುವುದಿಲ್ಲ, ಎರಡರ ನಡುವಿನ ಸಂಬಂಧದಲ್ಲಿ ಇರುತ್ತದೆ: ಗೂಡಿಗೂ ಕಚ್ಚಿಗೂ, ಹಲ್ಲಿಗೂ ತಳ್ಳುಕಡ್ಡಿಗೂ, ಗೂಡಿನ ಗಂಟಲಿಗೂ ನಳಿಗೆಗೂ. ಒಂದನ್ನೇ ದಿಟ್ಟಿಸುತ್ತ ಕುಳಿತರೆ ನನ್ನ ಹಾಗೆ ಎರಡು ದಿನ ಹೊಳಪು ಕೊಡುತ್ತೀರಿ. ಹೊರದೇಶಗಳಲ್ಲಿ ಬಹಳ ಸೂಕ್ಷ್ಮ ಕೆಲಸ ಮಾಡುವ ಕುಶಲಿಗರು ಈ ಸಂಬಂಧವನ್ನು ಉಳಿಸಿಕೊಳ್ಳಲೆಂದೇ, ಅರೆಬರೆ ಕೊರೆದ ಸಿಲಿಂಡರನ್ನು ರಿವಾಲ್ವರಿನ ಚೌಕಟ್ಟಿನಲ್ಲೇ ಕೂರಿಸಿ, ತಡೆಬೆಣೆಯಿಂದಲೇ ಹಿಡಿಸಿ, ನಳಿಗೆಯ ನೇರದಿಂದಲೇ ಒಂದೊಂದು ಗೂಡನ್ನೂ ಕೊರೆಯುತ್ತಾರೆ. ಆಗ ಗೂಡು ತಪ್ಪಲು ದಾರಿಯೇ ಇಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮ ಊರಿನ ಪಕ್ಕದ ಕೈದಾಳಕ್ಕೆ ಹೋಗಿದ್ದೀರಾ? ಚೆನ್ನಕೇಶವನ ದೇವಸ್ಥಾನ ಇದೆಯಲ್ಲ, ಜಕಣಾಚಾರಿಯ ಊರೆಂದು ಹೇಳುವುದು ಅದನ್ನೇ. ಐತಿಹ್ಯ ನಿಮಗೆಲ್ಲ ಗೊತ್ತು. ಬೇಲೂರಿನಲ್ಲಿ ಜಕಣಾಚಾರಿ ಕಡೆದ ಮೂರ್ತಿಯನ್ನು ನೋಡಿ ಒಬ್ಬ ತರುಣ, ಈ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಪಣ ತೊಟ್ಟ. ತರುಣ ಉಳಿ ಎತ್ತಲಿಲ್ಲ. ಮೂರ್ತಿಗೆಲ್ಲ ಗಂಧ ಹಚ್ಚಿಸಿದ. ಮೈಯೆಲ್ಲ ಗಂಧ ಒಣಗಿತು, ಹೊಕ್ಕುಳಿನ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಆಮೇಲೆ ಅಲ್ಲಿ ಉಳಿ ಇಟ್ಟಾಗ ನೀರು, ಮರಳು, ಒಂದು ಕಪ್ಪೆ ಹೊರಬಂದವು. ಆ ತರುಣ ಜಕಣಾಚಾರಿಯ ಮಗನೇ, ಡಂಕಣಾಚಾರಿ. ಜಕಣಾಚಾರಿ ತನ್ನೂರಿಗೆ ಬಂದು ಕೇಶವನ ಗುಡಿ ಕಟ್ಟಿದ ಮೇಲೆ ಹೋದ ಕೈ ಮರಳಿ ಬಂತಂತೆ, ಅದರಿಂದಲೇ ಊರು ಕೈದಾಳವಾಯಿತಂತೆ.

ಎಲ್ಲರೂ ಈ ಕಥೆಯಲ್ಲಿ ಕಪ್ಪೆಯನ್ನು ನೆನಪಿಟ್ಟುಕೊಳ್ಳುತ್ತಾರೆ, ಕೈಯನ್ನು ನೆನಪಿಟ್ಟುಕೊಳ್ಳುತ್ತಾರೆ. ಯಂತ್ರಕೆಲಸದವನಾದ ನನಗೆ ನೆನಪಿರುವುದು ಗಂಧ. ದೋಷ ಎಲ್ಲಿದೆ ಎಂದು ಕೇಳಲು ಅವನು ಕಲ್ಲಿನ ಒಂದು ಚಕ್ಕೆಯನ್ನೂ ತೆಗೆಯಲಿಲ್ಲ. ಉಳಿ ಬಂದದ್ದು ಕೊನೆಗೆ, ಅದೂ ಗುರುತಾದ ಒಂದೇ ಜಾಗಕ್ಕೆ. ನಮ್ಮ ಕೆಲಸದಲ್ಲಿ ಗಂಧದ ಜಾಗದಲ್ಲಿ ನೀಲಿ ಇದೆ, ಎಲ್ಲಿ ಉಜ್ಜುತ್ತದೆಂದು ತೋರಿಸುವ ಪ್ರಷ್ಯನ್ ನೀಲಿ. ಸಂದು ಅಳೆಯುವ ಫೀಲರ್ ಗೇಜ್ ಇದೆ, ತೂತು ಅಳೆಯುವ ಪಿನ್ ಗೇಜ್ ಇದೆ, ಆ ಉದ್ದನೆಯ ಕಡ್ಡಿ ಇದೆ. ಮೊದಲ ಸಿಲಿಂಡರಿನ ನಂತರ ನಾನು ಯಾವ ಸಿಲಿಂಡರಿಗೂ ಗಂಧ ಹಚ್ಚದೆ ಉಳಿ ಇಟ್ಟಿಲ್ಲ.

ಎರಡನೆಯ ಕಥೆಗೆ ಬರುತ್ತೇನೆ. ತಿಪಟೂರು ಕಡೆಯ ತೆಂಗಿನ ತೋಟದವರೊಬ್ಬರ .32 ರಿವಾಲ್ವರ್, ಆರು ಗೂಡಿನದು, ಪಕ್ಕಕ್ಕೆ ತೆರೆಯುವ ಸಿಲಿಂಡರ್. ಅವರ ದೂರುಗಳು ಮೂರು: ಹತ್ತಿಪ್ಪತ್ತು ಗುಂಡು ಹಾರಿಸಿದರೆ ನಳಿಗೆಯ ಒಳಗೆಲ್ಲ ಸೀಸ ಮೆತ್ತಿಕೊಳ್ಳುತ್ತದೆ, ಕೆಲವೊಮ್ಮೆ ಸಿಲಿಂಡರ್ ಬಿಗಿಯಾಗಿ ತಿರುಗುತ್ತದೆ, ಒಂದು ಗೂಡಿನಲ್ಲಿ ಸುತ್ತಿಗೆ ಪೂರ್ತಿ ಎಳೆದರೂ ಕಿಟ್ ಎನ್ನುವ ಸದ್ದು ಬರುವುದಿಲ್ಲ. ಒಳ್ಳೆಯ ಮಾಲೀಕರು. ದೂರನ್ನು ಇಷ್ಟು ಚೆನ್ನಾಗಿ ಹೇಳುವವರು ವಿರಳ.

ಆರೂ ಗೂಡು ಖಾಲಿ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಪಕ್ಕದವರಿಗೂ ತೋರಿಸಿದ ಮೇಲೆಯೇ ಕೆಲಸ ಶುರು. ಇದನ್ನು ಮೂವತ್ತು ಸಲ ಮಾಡಿದವರು ಮೂವತ್ತೊಂದನೆಯ ಸಲವೂ ಮಾಡಬೇಕು.

ಮೊದಲು ಕಡ್ಡಿ. ಸಿಲಿಂಡರನ್ನು ಕೈಯಿಂದ ತಿರುಗಿಸಿ, ಒಂದೊಂದು ಕಚ್ಚಿನಲ್ಲೂ ತಡೆಬೆಣೆ ಬೀಳಿಸಿ, ಕಡ್ಡಿ ಇಳಿಸಿದೆ. ಆರರಲ್ಲೂ ಇಳಿಯಿತು. ಅಲ್ಲಿಗೆ ಅರ್ಧ ಆತಂಕ ಹೋಯಿತು: ಗೂಡಿಗೂ ಕಚ್ಚಿಗೂ ಜಗಳವಿಲ್ಲ. ಆಮೇಲೆ ಸುತ್ತಿಗೆಯನ್ನು ಬಹಳ ನಿಧಾನವಾಗಿ ಎಳೆಯುತ್ತ, ಎಡಗೈ ಬೆರಳನ್ನು ಸಿಲಿಂಡರಿನ ಮೇಲೆ ಹಗುರವಾಗಿ ತಾಗಿಸಿ ಹಿಡಿದೆ. ಐದು ಗೂಡುಗಳಲ್ಲಿ ಸುತ್ತಿಗೆ ಕೊನೆ ಮುಟ್ಟುವ ಮುಂಚೆಯೇ ತಡೆಬೆಣೆ ಬಿತ್ತು. ಒಂದರಲ್ಲಿ, ಗುರುತು ಹಾಕಿಕೊಂಡ ಐದನೆಯ ಗೂಡಿನಲ್ಲಿ, ಸುತ್ತಿಗೆ ಕೊನೆ ಮುಟ್ಟಿದರೂ ಬೀಳಲಿಲ್ಲ, ಸಿಲಿಂಡರ್ ಕೂದಲೆಳೆಯಷ್ಟು ಹಿಂದೆಯೇ ಉಳಿಯಿತು. ಕಡ್ಡಿಯ ಪರೀಕ್ಷೆ ಮೊದಲೇ ಆಗಿರುವುದರಿಂದ ಇಲ್ಲಿ ಯೋಚನೆ ಸುಲಭವಾಗುತ್ತದೆ. ತಡೆಬೆಣೆ ಬಿದ್ದಾಗ ಕಡ್ಡಿ ಸಲೀಸಾಗಿ ಇಳಿಯುತ್ತದೆ ಎಂದ ಮೇಲೆ ಗೂಡೂ ನಿರಪರಾಧಿ, ಕಚ್ಚೂ ನಿರಪರಾಧಿ. ಅಲ್ಲಿಯವರೆಗೆ ಸಿಲಿಂಡರನ್ನು ಒಯ್ಯಬೇಕಾದ ಹಲ್ಲು ಗಿಡ್ಡವಾಗಿದೆ. ಬೆನ್ನಿನ ಆರೂ ಹಲ್ಲುಗಳಿಗೆ ತೆಳ್ಳಗೆ ನೀಲಿ ಹಚ್ಚಿ ಒಂದು ಸುತ್ತು ತಿರುಗಿಸಿದೆ. ಐದು ಹಲ್ಲುಗಳ ಮೇಲೆ ತಳ್ಳುಕಡ್ಡಿ ಉಜ್ಜಿದ ಅಗಲವಾದ ಪಟ್ಟಿ ಹೊಳೆಯುತ್ತಿತ್ತು. ಇನ್ನೊಂದರ ಅಂಚಿನಲ್ಲಿ ಮಾತ್ರ ಸೂಜಿಯಿಂದ ಗೀರಿದಂತಹ ಒಂದು ಗೆರೆ.

ಹಲ್ಲು ಗಿಡ್ಡವಾಗಿದ್ದರೆ ಏನು ಮಾಡುತ್ತೀರಿ? ಲೋಹವನ್ನು ತೆಗೆಯಬಹುದು, ಸೇರಿಸಲಾಗದು. ಹಾಗಾಗಿ ಗಿಡ್ಡ ಹಲ್ಲನ್ನು ಮುಟ್ಟುವಂತಿಲ್ಲ. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಕೊಂಚ ದಪ್ಪನೆಯ ಹೊಸ ತಳ್ಳುಕಡ್ಡಿ ಹಾಕಿದರೆ ಐದನೆಯ ಗೂಡು ಸರಿಹೋಗುತ್ತದೆ, ಉಳಿದ ಐದು ಬಿಗಿಯಾಗುತ್ತವೆ. ಆ ಐದು ಹಲ್ಲುಗಳಿಗೆ ನಯವಾದ ಕಲ್ಲಿನಿಂದ ಒಂದೆರಡು ಎಳೆತ, ಮತ್ತೆ ನೀಲಿ, ಮತ್ತೆ ಒಂದು ಸುತ್ತು, ಮತ್ತೆ ಒಂದು ಎಳೆತ. ಅರ ಬೇಡ, ಕಲ್ಲು ಸಾಕು. ಮಧ್ಯಾಹ್ನ ಊಟಕ್ಕೆ ಮುಂಚೆ ಶುರುಮಾಡಿದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಆರೂ ಗೂಡುಗಳಲ್ಲಿ ಒಂದೇ ಜಾಗದಲ್ಲಿ ಕಿಟ್ ಎನ್ನುವಾಗ ಆಗುವ ಸಂತೋಷವನ್ನು ನಿಮ್ಮಲ್ಲಿ ಕೆಲವರಾದರೂ ಮುಂದೆ ಯಾವುದಾದರೂ ಯಂತ್ರದಲ್ಲಿ ಅನುಭವಿಸಬೇಕು ಎಂಬುದು ನನ್ನ ಆಸೆ.

ಬಿಗಿಯಾಗಿ ತಿರುಗುವ ದೂರಿಗೆ ಬರೋಣ. ಸಿಲಿಂಡರಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವೆ ಸಂದು ಇರಬೇಕು, ಸುಮಾರು 0.10ರಿಂದ 0.20 ಮಿಲಿಮೀಟರ್. ಕಡಿಮೆಯಾದರೆ ಮಸಿ ಕಟ್ಟಿಕೊಂಡು ಉಜ್ಜುತ್ತದೆ, ಹೆಚ್ಚಾದರೆ ಬಿಸಿ ಅನಿಲ ಪಕ್ಕಕ್ಕೆ ನುಗ್ಗುತ್ತದೆ. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿದು, ಫೀಲರ್ ಗೇಜಿನಿಂದ ಒಂದೊಂದು ಗೂಡಿನಲ್ಲೂ ಅಳೆದೆ. 0.12, 0.14, 0.18, 0.20, 0.18, 0.14. ಈ ಅಂಕಿಗಳನ್ನು ಒಮ್ಮೆ ಬರೆದುಕೊಂಡು ನೋಡಿ. ಏರಿ ಇಳಿಯುವ ಅಲೆ ಕಾಣುತ್ತದೆಯೇ? ಎದುರುಬದುರು ಗೂಡುಗಳನ್ನು ಕೂಡಿಸಿ: 0.12 ಮತ್ತು 0.20, 0.14 ಮತ್ತು 0.18, ಮತ್ತೆ 0.18 ಮತ್ತು 0.14. ಪ್ರತಿ ಜೋಡಿಯೂ 0.32. ಅಂಕಿಗಳು ಅಡ್ಡಾದಿಡ್ಡಿಯಾಗಿದ್ದರೆ ಕೊಳೆ ಅಥವಾ ಸಡಿಲ ಎಂದು ಅನುಮಾನಿಸಬೇಕಿತ್ತು. ಹೀಗೆ ಅಲೆಯಾಗಿ ಬಂದರೆ ಸಿಲಿಂಡರಿನ ಮುಖ ಅದರ ಅಚ್ಚಿಗೆ ಲಂಬವಾಗಿಲ್ಲ, ಲೇತಿನಲ್ಲಿ ಮುಖ ಸವರುವಾಗ ಜಾಬ್ ಓರೆಯಾಗಿತ್ತು ಎಂದರ್ಥ.

ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ಅಲುಗಿಸಿ ನೋಡಿದೆ. 0.10 ಮಿಲಿಮೀಟರ್ ಆಡುತ್ತಿತ್ತು. ಹಾಗಾದರೆ ಮೊದಲನೆಯ ಗೂಡಿನಲ್ಲಿ ಸಿಲಿಂಡರ್ ಮುಂದೆ ಸರಿದಾಗ ಉಳಿಯುವ ಸಂದು ಎಷ್ಟು? 0.02. ಒಂದು ಹಾಳೆ ಕಾಗದವೂ ತೂರುವುದಿಲ್ಲ. ಬಿಗಿತದ ಮೂಲ ಸಿಕ್ಕಿತು.

ಇಲ್ಲಿ ಎರಡು ದಾರಿ ಇದ್ದವು. ಒಂದು, ಸಿಲಿಂಡರನ್ನು ಲೇತಿಗೆ ಕಟ್ಟಿ ಓರೆಯಾದ ಮುಖವನ್ನು ನೇರಮಾಡುವುದು. ಟೂಲ್ ರೂಮಿನಲ್ಲಿ ಬೆಳೆದ ನನ್ನ ಕೈ ಅದಕ್ಕೇ ತುಡಿಯಿತು. ಓರೆಯಾದದ್ದನ್ನು ಕಂಡು ಸುಮ್ಮನಿರುವುದು ನಮ್ಮಂಥವರಿಗೆ ಕಷ್ಟ. ಆದರೆ ಲೆಕ್ಕ ಹಾಕಿ. ಮುಖ ನೇರವಾದರೆ ಆರೂ ಗೂಡುಗಳಲ್ಲಿ ಸಂದು 0.20 ಆಗುತ್ತದೆ, ಮಿತಿಯ ಅಂಚಿಗೆ. ನಾಳೆ ಕೊಂಚ ಸವೆದರೆ ಮಿತಿ ದಾಟುತ್ತದೆ, ಆಗ ನಳಿಗೆಯನ್ನೇ ಬಿಚ್ಚಿ ಹಿಂದಕ್ಕೆ ತರಬೇಕು. ಇನ್ನೊಂದು ದಾರಿ, ಮುಖವನ್ನು ಹಾಗೆಯೇ ಬಿಟ್ಟು ಅಲುಗಾಟವನ್ನು ಮಾತ್ರ ತೆಗೆಯುವುದು. ಅಚ್ಚಿನ ಕೊಳವೆಯ ತುದಿಗೆ 0.05 ಮಿಲಿಮೀಟರ್ ದಪ್ಪದ ಉಕ್ಕಿನ ಬಳೆಯೊಂದನ್ನು ಕೂರಿಸಿದೆ. ಅಲುಗಾಟ 0.05ಕ್ಕೆ ಇಳಿಯಿತು, ಅತಿ ಕಡಿಮೆ ಸಂದು 0.07ಕ್ಕೆ ಏರಿತು. ಆಮೇಲೆ ಸಿಲಿಂಡರ್ ಎಂದೂ ಕಚ್ಚಲಿಲ್ಲ. ಮುಖ ಇಂದಿಗೂ ಓರೆಯಾಗಿಯೇ ಇದೆ. ಅದನ್ನು ಮುಟ್ಟದೆ ಬಿಟ್ಟದ್ದನ್ನು ನಾನು ಆ ರಿವಾಲ್ವರಿಗೆ ಮಾಡಿದ ಅತ್ಯುತ್ತಮ ಕೆಲಸ ಎಂದುಕೊಂಡಿದ್ದೇನೆ.

ಉಳಿದದ್ದು ಸೀಸ. ಗೂಡಿನ ಮುಂಭಾಗದಲ್ಲಿ ತೋಟಾದ ಕೊಳವೆ ಮುಗಿದ ಮೇಲೆ ಒಂದು ಕಿರಿದಾದ ಭಾಗ ಇರುತ್ತದೆ. ಅದನ್ನು ಗಂಟಲು ಎಂದು ಕರೆಯೋಣ. ಗುಂಡು ಆ ಗಂಟಲನ್ನು ದಾಟಿ, ಸಂದನ್ನು ಹಾರಿ, ಆಲಿಕೆಯಂತೆ ಅಗಲವಾಗಿರುವ ನಳಿಗೆಯ ಬಾಯಿಗೆ ಇಳಿಯಬೇಕು. .32ರ ಸೀಸದ ಗುಂಡು ಸುಮಾರು 7.92 ಮಿಲಿಮೀಟರ್. ಈ ರಿವಾಲ್ವರಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳ ಅಳತೆಯೂ ಅಷ್ಟೇ ಇತ್ತು. ಗಂಟಲು ಅದಕ್ಕಿಂತ ಒಂದೆರಡು ನೂರನೇ ಮಿಲಿಮೀಟರ್ ದೊಡ್ಡದಿರಬೇಕು. ಪಿನ್ ಗೇಜ್ ಹಾಕಿದರೆ ನಾಲ್ಕು ಗಂಟಲುಗಳು 7.95, ಎರಡು ಮಾತ್ರ 7.87. ರೀಮರ್ ಸವೆದು ಕಿರಿದಾದ ಮೇಲೂ ಯಾರೋ ಬದಲಿಸದೆ ಮುಂದುವರಿಸಿರಬೇಕು.

ಚಿಕ್ಕ ಗಂಟಲಿನಿಂದ ಸೀಸ ಏಕೆ ಮೆತ್ತಿಕೊಳ್ಳುತ್ತದೆ ಎಂಬುದನ್ನು ಬಹಳ ಜನ ತಲೆಕೆಳಗಾಗಿ ತಿಳಿದಿದ್ದಾರೆ. ಬಿಗಿಯಾಗಿ ಉಜ್ಜುವುದರಿಂದ ಎಂದುಕೊಳ್ಳುತ್ತಾರೆ. ನಿಜ ಬೇರೆ. 7.92ರ ಗುಂಡು 7.87ರ ಗಂಟಲಿನಲ್ಲಿ ತೂರುವಾಗ ಹಿಸುಕಿ ಸಣ್ಣದಾಗುತ್ತದೆ. ಆಮೇಲೆ 7.92ರ ನಳಿಗೆಗೆ ಬಂದಾಗ ಅದು ಸಡಿಲ. ಆ ಸಡಿಲಿನಲ್ಲಿ ಹಿಂದಿನ ಉರಿಯುವ ಅನಿಲ ಗುಂಡನ್ನು ದಾಟಿ ಮುಂದೆ ನುಗ್ಗುತ್ತ, ಅದರ ಮೈಯನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಬಿಗಿ ಗಂಟಲು ಸಡಿಲ ಗುಂಡನ್ನು ಹಡೆಯುತ್ತದೆ. ಇಂಥ ಸಿಲಿಂಡರಿನಿಂದ ಗುರಿಯೂ ಚೆದುರುತ್ತದೆ: ನಾಲ್ಕು ಗೂಡಿನ ಗುಂಡುಗಳು ಒಂದು ಅಳತೆಯವು, ಎರಡು ಗೂಡಿನವು ಇನ್ನೊಂದು ಅಳತೆಯವು.

ಇದು ತೆಗೆದು ಸರಿಪಡಿಸಬಹುದಾದ ತಪ್ಪು. ಅದೃಷ್ಟವೆಂದರೆ ಅದೇ. ಗಂಟಲು ದೊಡ್ಡದಾಗಿ ಬಂದಿದ್ದರೆ ನನ್ನ ಬಳಿ ಮದ್ದಿರಲಿಲ್ಲ. ಮುಂದೆ ಮಾರ್ಗದರ್ಶಿ ಕಂಬಿ ಇರುವ 7.94ರ ರೀಮರ್, ಕೈಯಿಂದಲೇ, ಎಣ್ಣೆ ತುಂಬ ಹಾಕಿ, ಮುಂದಕ್ಕೆ ಮಾತ್ರ ತಿರುಗಿಸುತ್ತ, ಹೊರತೆಗೆಯುವಾಗಲೂ ಹಿಂದಕ್ಕೆ ತಿರುಗಿಸದೆ. ಕೈ ಡ್ರಿಲ್ಲಿಗೆ ರೀಮರ್ ಸಿಕ್ಕಿಸುವವರನ್ನು ನೋಡಿದ್ದೇನೆ. ಅದು ನಡುಗುತ್ತದೆ, ನಡುಗಿದರೆ ಮತ್ತೆ ಗ್ರಾಮಫೋನ್ ತಟ್ಟೆ. ಕೊನೆಯ ಒಂದು ನೂರನೇ ಮಿಲಿಮೀಟರನ್ನು ಹಿತ್ತಾಳೆಯ ಲ್ಯಾಪಿಗೆ, ಅಂದರೆ ಉಜ್ಜುವ ಕಡ್ಡಿಗೆ, ನಯವಾದ ಪೇಸ್ಟ್ ಹಚ್ಚಿ ತೆಗೆದೆ. ಲ್ಯಾಪ್ ಆಡಿಸುವಾಗ ಕೈ ತೂಗಿದರೆ ಗಂಟಲಿನ ತುದಿ ಕಹಳೆಯ ಬಾಯಿಯಂತೆ ಅಗಲವಾಗುತ್ತದೆ. ಅದಕ್ಕೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಹತ್ತು ಸಲ ಆಡಿಸಿ, ತೊಳೆದು, ಸಿಲಿಂಡರ್ ತಣ್ಣಗಾಗುವವರೆಗೆ ಕಾದು, ಅಳೆಯಬೇಕು. ಬಿಸಿಯಲ್ಲಿ ಅಳೆದರೆ ಗೇಜ್ ಸುಳ್ಳು ಹೇಳುತ್ತದೆ. ಎರಡು ಗಂಟಲಿಗೆ ಒಂದು ಇಡೀ ಬೆಳಿಗ್ಗೆ ಹಿಡಿಯಿತು.

ಪೊಳ್ಳು ತೋಟಾ ಹಾಕಿ ನೂರಾರು ಸಲ ತಿರುಗಿಸಿ ನೋಡಿದ ಮೇಲೆ, ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ, ಮಾಲೀಕರ ಸಮ್ಮುಖದಲ್ಲಿ ಪರೀಕ್ಷೆ ನಡೆಯಿತು. ಮೂವತ್ತು ಗುಂಡುಗಳಾದ ಮೇಲೆ ಹಿರಿಯರು ಬಿಳಿ ಬಟ್ಟೆಯ ತುಂಡನ್ನು ನಳಿಗೆಯಲ್ಲಿ ಒಮ್ಮೆ ಎಳೆದು ಬೆಳಕಿಗೆ ಹಿಡಿದರು. ಮಸಿ ಇತ್ತು, ಸೀಸದ ಹೊಳಪು ಇರಲಿಲ್ಲ. ಬಟ್ಟೆಯನ್ನು ಮಡಿಸಿ ನನ್ನ ಜೇಬಿಗೆ ಹಾಕಿದರು. ಅವರು ಈಗ ಇಲ್ಲ. ಬಟ್ಟೆ ನನ್ನ ಪೆಟ್ಟಿಗೆಯಲ್ಲಿದೆ.

ಈಗ ಬಿಲ್ಲೆ ನಿಮ್ಮ ಕೈಗೆ ಬರುತ್ತದೆ. ಇದರಲ್ಲಿ ಒಂದು ತೂತನ್ನು ಬೇಕೆಂದೇ ತಪ್ಪಿಸಿದ್ದೇನೆ. ಆರೂ ತೂತುಗಳಿಗೆ 8 ಮಿಲಿಮೀಟರ್ ಪಿನ್ನುಗಳನ್ನು ಸಿಕ್ಕಿಸಿದ್ದೇನೆ, ವರ್ನಿಯರ್ ಕ್ಯಾಲಿಪರ್ ಜೊತೆಗಿದೆ. ಅಮ್ಮ ಅಂಗಳದಲ್ಲಿ ಆರೆಸಳಿನ ಹೂವಿನ ರಂಗೋಲಿ ಹಾಕುವುದನ್ನು ನೋಡಿದ್ದೀರಲ್ಲ? ಕೈವಾರದಲ್ಲಿ ವೃತ್ತ ಎಳೆದು, ಅದನ್ನು ಬದಲಿಸದೆ ಅಂಚಿನಲ್ಲಿ ಹೆಜ್ಜೆ ಹಾಕುತ್ತ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೇ ಬರುತ್ತೀರಿ. ಅಂದರೆ ಪಕ್ಕಪಕ್ಕದ ತೂತುಗಳ ಅಂತರ ತ್ರಿಜ್ಯದಷ್ಟೇ, ಇಲ್ಲಿ 12 ಮಿಲಿಮೀಟರ್. ಪಿನ್ನುಗಳ ಹೊರಮೈಯಿಂದ ಹೊರಮೈಗೆ ಅಳೆದರೆ ಪಕ್ಕದ ಜೋಡಿ 20.00 ಬರಬೇಕು, ಎದುರು ಜೋಡಿ 32.00 ಬರಬೇಕು. ಎದುರು ಜೋಡಿಗಳನ್ನು ಮಾತ್ರ ಅಳೆದವರಿಗೆ ಮೂರೂ ಸರಿಯಾಗಿಯೇ ಕಾಣುತ್ತವೆ, ಏಕೆಂದರೆ ಅರ್ಧ ಡಿಗ್ರಿ ಪಕ್ಕಕ್ಕೆ ಸರಿದ ತೂತು ಎದುರಿನದರಿಂದ ದೂರವಾಗುವುದಿಲ್ಲ. ಪಕ್ಕದ ಜೋಡಿಗಳನ್ನು ಅಳೆಯುತ್ತ ಸುತ್ತು ಬನ್ನಿ. ಒಂದು ಕಡೆ 19.91, ಅದರ ಮಗ್ಗುಲಲ್ಲೇ 20.09 ಸಿಗುತ್ತದೆ. ಆ ಎರಡಕ್ಕೂ ಸೇರಿದ ಪಿನ್ನು ಯಾವುದು ಎಂದು ಚೀಟಿಯಲ್ಲಿ ಬರೆದಿಡಿ, ಪಕ್ಕದವರಿಗೆ ಹೇಳಬೇಡಿ. ಕೊನೆಯ ಬೆಂಚಿನವರೂ ಅಳೆದು ಮುಗಿಸಲಿ. ಮುಂದಿನ ಸಾಲಿನಿಂದ ಶುರುಮಾಡೋಣ, ತೆಗೆದುಕೊಳ್ಳಿ.